ಪರಕ್ಕೂ ಒಂದು ಕೈ, ವಿರುದ್ಧಕ್ಕೂ ಒಂದು ಕೈ

ಡಾಕ್ಟರ್ ಚಂದ್ರಪ್ಪನವರು ಅರಿವಳಿಕೆ ತಜ್ಞರು. ಬರ್ಮಿಂಗ್‌ಹ್ಯಾಮಿನ ದೊಡ್ಡದೊಂದು ಆಸ್ಪತ್ರೆಯಲ್ಲಿ ಜನರನ್ನು ಮಲಗಿಸುವುದು, ಆಪರೇಷನ್ ಮುಗಿದ ಮೇಲೆ ಎಬ್ಬಿಸುವುದು, ಇಷ್ಟೇ ಅವರ ವೃತ್ತಿ. ಎರಡನ್ನೂ ಚೆನ್ನಾಗಿಯೇ ಮಾಡುತ್ತಿದ್ದರು, ಅದರಲ್ಲಿ ಯಾರದೂ ತಕರಾರಿಲ್ಲ. ಅವರ ಕೈಲಿ ಆಗದಿದ್ದ ಕೆಲಸ ಲೋಕದಲ್ಲಿ ಒಂದೇ ಒಂದು. ಅವರಿಗೆ ಯಾರ ಎದುರಿಗೂ 'ಇಲ್ಲ' ಅನ್ನಲು ಬರುತ್ತಿರಲಿಲ್ಲ.

ಡ್ಯೂಟಿ ಪಾಳಿ ಬದಲಾಯಿಸಿಕೊಳ್ಳುತ್ತೀರಾ ಅಂದರೆ, ಆಗಲಿ. ನಮ್ಮ ಮನೆ ಸೋಫಾ ಮಹಡಿಗೆ ಹತ್ತಿಸಲು ಬರುತ್ತೀರಾ ಅಂದರೆ, ಅದೂ ಆಗಲಿ. ಬಾಗಿಲು ತಟ್ಟಿದ ಕಿಟಕಿ ಮಾರುವವನಿಗೂ ಆಗಲಿ ಅಂದು, ನೆಟ್ಟಗಿದ್ದ ಕಿಟಕಿಗಳನ್ನೆಲ್ಲ ಕೀಳಿಸಿ ಹೊಸದು ಹಾಕಿಸಿದ ಪುಣ್ಯಾತ್ಮರು ಅವರು. ಎರಡು ಸಾವಿರದ ಹದಿನಾರರ ಜೂನಿನಲ್ಲಿ ಯುರೋಪಿನ ಜೊತೆ ಇರಬೇಕೋ ಬಿಡಬೇಕೋ ಅಂತ ದೇಶವೇ ಕಿತ್ತಾಡುತ್ತಿದ್ದಾಗ, ಹಾರ್ಬೋರ್ನ್ ಬಡಾವಣೆಯ ಅವರ ಮನೆಯ ಆ ಹೊಸ ಕಿಟಕಿಯಲ್ಲಿ 'ಇರೋಣ' ಅನ್ನುವವರ ಚೀಟಿ, 'ಬಿಡೋಣ' ಅನ್ನುವವರ ಚೀಟಿ ಎರಡೂ ಅಕ್ಕಪಕ್ಕದಲ್ಲೇ ಅಂಟಿಕೊಂಡಿದ್ದವು. ಎರಡೂ ಕಡೆಯವರು ಮನೆಗೆ ಬಂದು ಕೇಳಿದ್ದರಲ್ಲ, ಪಾಪ, ಇನ್ನೇನು ಮಾಡಬೇಕಿತ್ತು.

ಇಂಥ ಮನುಷ್ಯ ಚುನಾವಣೆಗೆ ನಿಂತದ್ದು ಹೇಗೆ ಅಂತ ನೀವು ಕೇಳಬಹುದು. ಬಾಯಿ ಸುಮ್ಮನಿರದೆ ನಿಂತದ್ದು, ಮತ್ತೇನಿಲ್ಲ.

ಭಾನುವಾರ ಬೆಳಗ್ಗೆ ಬೆಂಗಳೂರಿನಿಂದ ಮಾವ ಸೋಮಲಿಂಗಪ್ಪನವರು ವಿಡಿಯೊ ಕರೆ ಮಾಡುವುದು ರೂಢಿ. ಅವರು ವಿಧಾನಸಭೆಯ ಕಲಾಪವನ್ನು ಶೀಘ್ರಲಿಪಿಯಲ್ಲಿ ಬರೆದುಕೊಂಡೇ ನಿವೃತ್ತರಾದವರು. ಯಾವ ಸದಸ್ಯರು ಎದ್ದರು, ಏನೆಂದರು, ಯಾವ ಕಡೆ ಮತ ಹಾಕಿದರು ಎಂದು ಜೀವಮಾನವಿಡೀ ಬರೆದ ಕೈ. ಈಗ ಮನೆಮಂದಿಯ ಮಾತನ್ನೂ ಅದೇ ಕಿವಿಯಲ್ಲಿ ಕೇಳಿಸಿಕೊಳ್ಳುವ ಅಭ್ಯಾಸ. ಆ ಭಾನುವಾರ ಅವರು ಹಿರಿಯ ಅಳಿಯ ಶರಣಪ್ಪನ ಸುದ್ದಿ ಹೊತ್ತು ತಂದಿದ್ದರು.

"ಶರಣಪ್ಪ ಅವರ ಅಪಾರ್ಟ್‌ಮೆಂಟ್ ಸಂಘಕ್ಕೆ ಅಧ್ಯಕ್ಷರಾದ್ರು ಅಳಿಯಂದ್ರೇ. ಏನು ಹಾರ, ಏನು ಕತೆ. ನಿಮ್ಮಲ್ಲೂ ಏನೋ ಕನ್ನಡ ಕೂಟ ಇದೆ ಅಂತಿದ್ರಲ್ಲ, ಅದರಲ್ಲಿ ನೀವು ಏನಾಗಿದ್ದೀರಿ?"

"ಕಮಿಟಿಯಲ್ಲಿದ್ದೀನಿ ಮಾವ."

"ಕಮಿಟಿ ಅಂದ್ರೆ ಏನ್ ಕೆಲಸ?"

ಕಾರ್ಯಕ್ರಮಕ್ಕೆ ಮುಂಚೆ ಕುರ್ಚಿ ಹಾಕುವುದು, ಮುಗಿದ ಮೇಲೆ ಮಡಚಿ ಇಡುವುದು. ಶರಣಪ್ಪನ ಹಾರದ ಎದುರು ಇದನ್ನು ಯಾವ ಬಾಯಲ್ಲಿ ಹೇಳುವುದು. ಚಂದ್ರಪ್ಪನವರು ಒಮ್ಮೆ ಕೆಮ್ಮಿ, "ಈ ಸಲ ಅಧ್ಯಕ್ಷ ಸ್ಥಾನಕ್ಕೆ ನಿಲ್ತಾ ಇದ್ದೀನಿ ಮಾವ," ಅಂದುಬಿಟ್ಟರು.

ಚಿತ್ರಾನ್ನ ಕಲಸುತ್ತಿದ್ದ ಹೆಂಡತಿ ಮೈತ್ರೇಯಿ ಅಡುಗೆಮನೆಯಿಂದ ಕತ್ತು ಚಾಚಿ ನೋಡಿದಳು. ಅವಳು ಜಿಪಿ, ಅಂದರೆ ಬಡಾವಣೆಯ ಫ್ಯಾಮಿಲಿ ಡಾಕ್ಟರು. ದಿನವಿಡೀ ಜನ ಇಲ್ಲದ ಕಾಯಿಲೆ ಹೇಳುವುದನ್ನು ಕೇಳಿ ಕೇಳಿ, ಸುಳ್ಳು ಹೇಳುವವರ ಮುಖ ಅವಳಿಗೆ ಚೆನ್ನಾಗಿ ಗೊತ್ತು.

"ಭಲೇ. ಚುನಾವಣೆ ಯಾವಾಗ?" ಅಂದರು ಮಾವ.

"ಅಕ್ಟೋಬರಲ್ಲಿ."

"ಹಾಗಾದ್ರೆ ನಾನು ಬರ್ತೀನಿ. ಹೇಗೂ ವೀಸಾ ಇದೆ. ಅಳಿಯಂದಿರ ಚುನಾವಣೆ ನೋಡದೆ ಇರೋಕಾಗುತ್ತಾ?"

ಇಲ್ಲಿ ಒಂದು 'ಬೇಡ ಮಾವ' ಸಾಕಿತ್ತು. ಚಂದ್ರಪ್ಪನವರು ಅಂದರು, "ಆಗಲಿ ಮಾವ."

ಇದರಲ್ಲಿ ಎಂಥ ಎಡವಟ್ಟಿದೆ ಅನ್ನುವುದು ನಿಮಗೆ ತಿಳಿಯಬೇಕಾದರೆ ಮಧ್ಯೋತ್ತರ ಕನ್ನಡ ಕೂಟದ ಪದ್ಧತಿ ಗೊತ್ತಿರಬೇಕು. ಬರ್ಮಿಂಗ್‌ಹ್ಯಾಮಿನಿಂದ ಲೀಡ್ಸ್‌ವರೆಗಿನ ಕನ್ನಡಿಗರು ಸೇರಿ ಕಟ್ಟಿದ ಈ ಕೂಟದಲ್ಲಿ ಅಧ್ಯಕ್ಷ ಸ್ಥಾನಕ್ಕೆ ಯಾರೂ ನಿಂತ ಚರಿತ್ರೆಯೇ ಇಲ್ಲ. ಅಧ್ಯಕ್ಷರನ್ನು ಹಿಡಿಯುತ್ತಾರೆ. ವಾರ್ಷಿಕ ಸಭೆಯಲ್ಲಿ ಊಟ ಆದ ಮೇಲೆ "ಮುಂದಿನ ಅಧ್ಯಕ್ಷರು ಯಾರಪ್ಪಾ?" ಅಂತ ಕೇಳಿದರೆ ಎಲ್ಲರೂ ತಮ್ಮ ತಮ್ಮ ಬೂಟು ನೋಡಿಕೊಳ್ಳುತ್ತಾರೆ. ಒಬ್ಬರ ಹೆಸರು ಹೇಳಿದರೆ ಅವರು "ಅಯ್ಯೋ ನನಗೆ ಬೇಡ, ನಾನು ಅದಕ್ಕೆಲ್ಲ ಅರ್ಹ ಅಲ್ಲ" ಅನ್ನಬೇಕು. ಮದುವೆಮನೆಯಲ್ಲಿ ಎಲೆಗೆ ಕೈ ಅಡ್ಡ ಹಿಡಿದವರಿಗೇ ಎರಡು ಹೋಳಿಗೆ ಹೆಚ್ಚು ಬೀಳುವ ಹಾಗೆ, ಯಾರು ಗಟ್ಟಿಯಾಗಿ ಬೇಡ ಅನ್ನುತ್ತಾರೋ ಅವರಿಗೇ ಚಪ್ಪಾಳೆ ತಟ್ಟಿ ಕುರ್ಚಿ ಕೊಟ್ಟುಬಿಡುವುದು. ಬೇಕು ಅಂದವರಿಗೆ ಏನು ಮಾಡಬೇಕು ಅನ್ನುವುದು ಯಾರಿಗೂ ಗೊತ್ತಿರಲಿಲ್ಲ, ಯಾಕೆಂದರೆ ಹಾಗೆ ಯಾರೂ ಅಂದಿರಲಿಲ್ಲ.

ಹಾಲಿ ಅಧ್ಯಕ್ಷರು ಮೂಳೆ ಡಾಕ್ಟರ್ ಸುಬ್ರಹ್ಮಣ್ಯ. ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಚಂದ್ರಪ್ಪನವರು ಅವರ ಎದುರು ಕೂತು ಮೆಲ್ಲಗೆ ವಿಷಯ ತೆಗೆದಾಗ, ಅವರು ಚಮಚ ಕೆಳಗಿಟ್ಟು ಸ್ನೇಹಿತನ ಮುಖವನ್ನೇ ನೋಡಿದರು.

"ಮನೇಲಿ ಎಲ್ಲಾ ಸರಿಯಿದ್ಯೇನಯ್ಯಾ?"

"ಇದೆ ಸಾರ್."

"ಮೈತ್ರೇಯಿ ಏನಾದ್ರೂ ಅಂದ್ಲಾ? ಶನಿವಾರ ಭಾನುವಾರ ಮನೆಯಿಂದ ಹೊರಗಿರೋಕೆ ಬೇರೆ ದಾರಿಗಳಿವೆ ಚಂದ್ರಪ್ಪ. ಕೌನ್ಸಿಲಿನೋರ ಹತ್ರ ಒಂದು ತುಂಡು ತೋಟ ಬಾಡಿಗೆಗೆ ತಗೊಂಡು ತರಕಾರಿ ಬೆಳಿ."

"ಹಾಗೇನಿಲ್ಲ ಸಾರ್. ಸೇವೆ ಮಾಡೋಣ ಅಂತ."

ಸೇವೆ ಅನ್ನುವ ಮಾತು ಕೇಳಿದ್ದೇ ತಡ ಸುಬ್ರಹ್ಮಣ್ಯರಿಗೆ ಅನುಮಾನ ಗಟ್ಟಿಯಾಯಿತು. ಸಂಜೆಯೊಳಗೆ ಕೂಟದ ವಾಟ್ಸಾಪ್ ಗುಂಪಿನಲ್ಲಿ ಸುದ್ದಿ ಹಬ್ಬಿತು. ಚಂದ್ರಪ್ಪ ತಾನಾಗಿಯೇ ಅಧ್ಯಕ್ಷಗಿರಿ ಕೇಳುತ್ತಿದ್ದಾನೆ ಅಂದರೆ ಅದರಲ್ಲಿ ಏನೋ ಇರಲೇಬೇಕು. ರಾಣಿಯವರ ಅರಮನೆಯ ಚಹಾಕೂಟಕ್ಕೆ ಕರೆ ಬರುತ್ತದಂತೆ ಅಂದರು ಒಬ್ಬರು. ಬೆಂಗಳೂರಿನಲ್ಲಿ ಸೈಟು ಸಿಗುತ್ತದಂತೆ ಅಂದರು ಇನ್ನೊಬ್ಬರು. ವರ್ಷಗಟ್ಟಲೆ ಯಾರೂ ಕೂರಲು ಒಪ್ಪದ ಕುರ್ಚಿಗೆ ಒಬ್ಬ ಬೇಕು ಅಂದ ಕೂಡಲೇ ಎಂಥಾ ಹೊಳಪು ಬಂತು ನೋಡಿ. ಮಾರನೆಯ ದಿನ ಅಭಿರಾಮ್ ಕೂಡ ನಿಂತೇಬಿಟ್ಟ. ಅವನು ಸಾಫ್ಟ್‌ವೇರಿನವನು, ಕಮಿಟಿಯಲ್ಲಿ ಎಲ್ಲರಿಗಿಂತ ಚಿಕ್ಕವನು, ಎರಡು ಮಾತಾಡಬೇಕಾದರೂ ಹತ್ತು ಸ್ಲೈಡು ಮಾಡುವ ಹುಡುಗ. ಕೂಟದ ಚರಿತ್ರೆಯಲ್ಲಿ ಮೊದಲ ಸ್ಪರ್ಧೆ. ಲೀಡ್ಸ್‌ನವರು, ಮ್ಯಾಂಚೆಸ್ಟರ್‌ನವರು, ಎಂದೂ ಸಭೆಗೆ ಬಾರದ ಮ್ಯಾಕಲ್ಸ್‌ಫೀಲ್ಡ್‌ನವರು ಕೂಡ "ಈ ಸಲ ಬರ್ತೀವಿ, ಊಟಕ್ಕೆ ನಮ್ಮನ್ನೂ ಲೆಕ್ಕ ಹಾಕ್ಕೊಳಿ" ಅಂತ ಸಂದೇಶ ಹಾಕಿದರು.

ಈ ಬೆಂಕಿಗೆ ತುಪ್ಪ ಹೊತ್ತುಕೊಂಡು ಸೋಮಲಿಂಗಪ್ಪನವರು ವಿಮಾನ ಇಳಿದರು. ಮಫ್ಲರು, ಮಂಕಿ ಟೋಪಿ, ಕೈಯಲ್ಲಿ ಚಟ್ನಿಪುಡಿ ಡಬ್ಬ. ಬಂದ ದಿನವೇ ಟೀವಿ ಹಾಕಿ ಕೂತರು. ಆಗ ಅಮೆರಿಕದಲ್ಲಿ ಅಧ್ಯಕ್ಷರ ಚುನಾವಣೆ. ಬೆಳಗಿನಿಂದ ಸಂಜೆಯವರೆಗೆ ಅಭ್ಯರ್ಥಿಗಳ ನೀತಿ ಏನು, ನಿಲುವು ಏನು, ಹಿಂದೆ ಸದನದಲ್ಲಿ ಯಾವ ಮಸೂದೆಗೆ ಹೇಗೆ ಮತ ಹಾಕಿದ್ದರು ಅಂತ ಎಳೆ ಎಳೆಯಾಗಿ ಬಿಡಿಸಿ ತೋರಿಸುತ್ತಿದ್ದರು. ಸೋಮಲಿಂಗಪ್ಪನವರಿಗೆ ಹಬ್ಬದೂಟ ಬಡಿಸಿದಂತಾಯಿತು.

"ಅಳಿಯಂದ್ರೇ, ಅಧ್ಯಕ್ಷ ಅಭ್ಯರ್ಥಿ ಅಂದ್ಮೇಲೆ ಎರಡು ಬೇಕು. ಒಂದು, ನೀತಿ ನಿಲುವು. ಇನ್ನೊಂದು, ಶಾಸನ ದಾಖಲೆ, ಅಂದ್ರೆ ಯಾವುದಕ್ಕೆ ಹೇಗೆ ಮತ ಹಾಕಿದ್ರಿ ಅನ್ನೋದು. ನಿಮ್ಮವು ಎಲ್ಲಿ?"

"ಅಂಥದ್ದೇನೂ ನಮ್ಮಲ್ಲಿ ಇಲ್ಲ... ಅಂದ್ರೆ, ಮಾಡೋಣ ಮಾವ."

"ನೀವು ಕೆಲಸಕ್ಕೆ ಹೋಗಿ ಬನ್ನಿ. ನಾನಿದ್ದೀನಲ್ಲ."

ಅವರು ಸುಮ್ಮನೆ ಕೂರುವ ಆಸಾಮಿಯಲ್ಲ. ಬೆಳಗ್ಗೆ ಹೈಸ್ಟ್ರೀಟಿನ ಕಡೆ ವಾಕಿಂಗ್ ಹೋಗುವಾಗ ಸಿಕ್ಕವರಿಗೆಲ್ಲ ತಮ್ಮ ಕಚೇರಿ ಇಂಗ್ಲಿಷಿನಲ್ಲಿ ಅಳಿಯನ ವಿಷಯ ಹೇಳಿದರು. ಎದುರುಮನೆಯ ಬ್ರಯಾನ್, ಬಸ್ ಓಡಿಸಿ ನಿವೃತ್ತನಾದ ಮುದುಕ, ಅಧ್ಯಕ್ಷ ಸ್ಥಾನಕ್ಕೆ ಸ್ಪರ್ಧೆ ಅಂತಷ್ಟೇ ಕೇಳಿ ಉಳಿದದ್ದನ್ನು ತಾನೇ ತುಂಬಿಸಿಕೊಂಡ. ತಮ್ಮ ಬೀದಿಯ ಡಾಕ್ಟರು ಇಂಡಿಯಾಕ್ಕೆ ಅಧ್ಯಕ್ಷರಾಗಲು ಹೊರಟಿದ್ದಾರೆ ಅಂತ ಅವನ ತೀರ್ಮಾನ. ಜೂನಿನ ಮತದಾನಕ್ಕೆ ತೋಟದಲ್ಲಿ ನೆಟ್ಟಿದ್ದ ಫಲಕವನ್ನು ಕಿತ್ತು, ಹಿಂದುಮುಂದು ಮಾಡಿ, 'ನಿಮ್ಮ ಮತ ನಮ್ಮ ಡಾಕ್ಟರಿಗೆ' ಅಂತ ಬಣ್ಣದಲ್ಲಿ ಬರೆದು ನೆಟ್ಟ. ಪಬ್ಬಿನಲ್ಲೂ ಹೇಳಿದ. ಎರಡು ದಿನ ಬಿಟ್ಟು ಆಪರೇಷನ್ ಟೇಬಲ್ ಮೇಲೆ ಮಲಗಿದ ರೋಗಿಯೊಬ್ಬ, ಸೂಜಿ ಚುಚ್ಚುವ ಮೊದಲು, "ನೀವು ಇಂಡಿಯಾಕ್ಕೆ ಹೋದ ಮೇಲೆ ನನ್ನನ್ನು ಯಾರು ಎಬ್ಬಿಸುತ್ತಾರೆ ಡಾಕ್ಟರ್?" ಅಂತ ಕಣ್ಣೀರು ಹಾಕಿದ.

"ನೀವೇ ಅಪ್ಪನ ಹತ್ರ ನಿಜ ಹೇಳಿಬಿಡ್ರೀ," ಅಂದಳು ಮೈತ್ರೇಯಿ.

"ಈಗ ನಿಜವಾಗ್ಲೂ ನಿಂತಿದ್ದೀನಲ್ಲ ಕಣೇ. ಸುಳ್ಳು ಎಲ್ಲಿ ಬಂತು?"

ಮನೆಯಲ್ಲಿ ಈ ಗಲಾಟೆಯಿಂದ ಲಾಭ ಆದದ್ದು ಮಗಳು ಮೇಧಾಳಿಗೆ. ಹನ್ನೊಂದು ವರ್ಷದ ಆ ಹುಡುಗಿ ಅಪ್ಪ ಅಮ್ಮ ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರ ಕೊಡುವವಳು. ಶನಿವಾರದ ಕನ್ನಡ ತರಗತಿಗೆ ಹೋಗುತ್ತಿದ್ದರೂ ಅಲ್ಲಿನ ಕನ್ನಡವನ್ನು ಅಲ್ಲೇ ಬಿಟ್ಟು ಬರುತ್ತಿದ್ದಳು. ತಾತ ಬಂದು ಅವಳಿಗೆ ಸದನದ ಆಟ ಕಲಿಸಿದರು. ಈಗ, ಹಾಲು ಕುಡಿದ್ಯಾ ಅಂದರೆ, "ಮಾನ್ಯ ಸದಸ್ಯರ ಪ್ರಶ್ನೆಗೆ ಉತ್ತರವನ್ನು ಸದನದ ಮುಂದೆ ಇಡಲಾಗುವುದು" ಅಂತ ಅಚ್ಚಗನ್ನಡದಲ್ಲಿ ಹೇಳಿ ಓಡುತ್ತಿದ್ದಳು. ಹಾಲು ಮಾತ್ರ ಕುಡಿಯುತ್ತಿರಲಿಲ್ಲ.

ಅಳಿಯನ ಶಾಸನ ದಾಖಲೆ ತಯಾರಿಸಲು ಸೋಮಲಿಂಗಪ್ಪನವರು ಕೂಟದ ಹಳೆಯ ಸಭೆಗಳ ನಡವಳಿ ಪುಸ್ತಕ ಕೇಳಿದರು. ಅಂಥ ಪದಾರ್ಥ ಕೂಟದಲ್ಲಿ ಇರಲೇ ಇಲ್ಲ. ತೀರ್ಮಾನವೆಲ್ಲ ಬಾಯಲ್ಲೇ. ಸರಿ, ಅವರು ಕಮಿಟಿಯವರಿಗೆ ಒಬ್ಬೊಬ್ಬರಿಗೂ ಫೋನ್ ಹಚ್ಚಿದರು. ಮೊದಲ ದಿನ ಸಂಜೆ ಚಂದ್ರಪ್ಪನವರು ಮನೆಗೆ ಬಂದಾಗ ಮಾವನ ಮುಖ ಅರಳಿತ್ತು.

"ಎಂಥಾ ಜನಬೆಂಬಲ ಅಳಿಯಂದ್ರೇ ನಿಮ್ದು. ರಾಜ್ಯೋತ್ಸವ ಲೀಡ್ಸಲ್ಲಿ ಮಾಡಬೇಕು ಅಂದಾಗ ಅವರೇ ನಮ್ಮ ಪರ ಕೈ ಎತ್ತಿದ್ದು ಅಂದ್ರು ಲೀಡ್ಸಿನೋರು."

"ಹೌದು ಮಾವ."

"ಮ್ಯಾಂಚೆಸ್ಟರಿನೋರೂ ನಿಮ್ಮನ್ನ ಹೊಗಳಿದ್ದೇ ಹೊಗಳಿದ್ದು."

ಎರಡನೆಯ ದಿನ ಆ ಮುಖ ಅಷ್ಟು ಅರಳಿರಲಿಲ್ಲ. ಮೂರನೆಯ ದಿನ ಭಾನುವಾರ. ಮೈತ್ರೇಯಿ ದೋಸೆ ಹುಯ್ಯುತ್ತಿದ್ದಳು. ಸೋಮಲಿಂಗಪ್ಪನವರು ತಟ್ಟೆಯನ್ನು ಸ್ವಲ್ಪ ಆಚೆ ಸರಿಸಿ ಗಂಟಲು ಸರಿಮಾಡಿಕೊಂಡರು.

"ಅಳಿಯಂದ್ರೇ, ಒಂದು ಸ್ಪಷ್ಟೀಕರಣ ಬೇಕು. ಶನಿವಾರ ಬೆಳಗ್ಗೆ ಕೂಟಕ್ಕೆ ಆ ಚರ್ಚ್ ಹಾಲ್ ಸಿಗುತ್ತೆ. ಈಗ ಅಲ್ಲಿ ಪುಟ್ಟಲಕ್ಷ್ಮಮ್ಮನೋರು ಮಕ್ಕಳಿಗೆ ಕನ್ನಡ ಹೇಳಿಕೊಡ್ತಾರೆ. ಅದನ್ನ ನಿಲ್ಲಿಸಿ ಬ್ಯಾಡ್ಮಿಂಟನ್ ಆಡಬೇಕು ಅಂತ ಅಭಿರಾಮ್ ಅವರ ಸೂಚನೆ. ಸರಿನಾ?"

"ಸರಿ ಮಾವ."

"ಇದನ್ನ ಮೂರು ವರ್ಷದಿಂದ ಪ್ರತಿ ವರ್ಷ ಮತಕ್ಕೆ ಹಾಕಿದ್ದಾರೆ. ಪ್ರತಿ ಸಲ ಎರಡೂ ಕಡೆ ಸಮ ಸಮ ಬಂದು ಮುಂದಕ್ಕೆ ಹಾಕಿದ್ದಾರೆ. ಕಮಿಟಿಯಲ್ಲಿ ಹನ್ನೊಂದು ಜನ. ಎಲ್ಲರೂ ಹಾಜರು. ಹನ್ನೊಂದು ಜನ ಕೈ ಎತ್ತಿದ್ರೆ ಸಮ ಸಮ ಹೇಗೆ ಬರುತ್ತೆ?"

ಅದುವರೆಗೆ ಈ ಪ್ರಶ್ನೆ ಯಾರಿಗೂ ಹೊಳೆದಿರಲಿಲ್ಲ. ಸುಬ್ರಹ್ಮಣ್ಯರು ಮೂಳೆ ಡಾಕ್ಟರು, ಅವರ ಲೆಕ್ಕ ಅಷ್ಟಕ್ಕಷ್ಟೇ ಅಂತ ಎಲ್ಲರೂ ಸುಮ್ಮನಿದ್ದರು.

"ಪುಟ್ಟಲಕ್ಷ್ಮಮ್ಮನೋರು ಹೇಳಿದ್ರು, ಚಂದ್ರಪ್ಪನೋರು ಯಾವಾಗ್ಲೂ ನಮ್ಮ ಕಡೆ ಅಂತ. ಅಭಿರಾಮೂ ಅದನ್ನೇ ಹೇಳಿದ. ನೀವು ಎರಡೂ ಸಲ ಕೈ ಎತ್ತಿದ್ದೀರಿ."

"ಪಾಪ ಮಾವ, ಪರವಾಗಿರೋರು ಅಂದಾಗ ಅಭಿರಾಮ್ ನನ್ನ ಮುಖ ನೋಡ್ತಾನೆ. ವಿರುದ್ಧ ಇರೋರು ಅಂದಾಗ ಆಯಮ್ಮ ನೋಡ್ತಾರೆ. ಯಾರಿಗೂ ಬೇಜಾರಾಗಬಾರದು ಅಂತ..."

"ಮತಕ್ಕೆ ಹಾಕೋ ಹೊತ್ತಿಗೆ ಮನಸ್ಸು ಬದಲಾಯಿಸಿದೋರನ್ನ ನಾನು ನೋಡಿದ್ದೀನಿ. ಮತವೇ ಬೇಡ ಅಂತ ಎದ್ದು ಹೋದೋರನ್ನೂ ನೋಡಿದ್ದೀನಿ. ಒಂದೇ ಸೂಚನೆಗೆ ಪರಕ್ಕೂ ಒಂದು ಕೈ, ವಿರುದ್ಧಕ್ಕೂ ಒಂದು ಕೈ ಎತ್ತಿದ ಸದಸ್ಯರನ್ನ ನನ್ನ ಸರ್ವಿಸ್ಸಿನಲ್ಲಿ ನೋಡಿರಲಿಲ್ಲ." ಆಮೇಲೆ ದನಿ ತಗ್ಗಿಸಿ ಕೇಳಿದರು. "ಅವತ್ತು ರಾಜಾಜಿನಗರದ ಮನೇಲಿ ಹೆಣ್ಣು ನೋಡೋಕೆ ಬಂದ್ರಿ. ಉಪ್ಪಿಟ್ಟು ತಿಂದ್ರಿ. ಹುಡುಗಿ ಒಪ್ಪಿಗೆನಾ ಅಂತ ನಾನು ಕೇಳಿದೆ. ನೀವು ಏನಂದ್ರಿ?"

"ಆಗಲಿ ಅಂದೆ."

"ಅದು ಯಾವ ಆಗಲಿ?"

ಕಾವಲಿಯ ಮೇಲೆ ದೋಸೆ ಸೀಯುವ ವಾಸನೆ ಬಂತು. ಮೈತ್ರೇಯಿ ಸೌಟು ಹಿಡಿದು ಹಾಗೇ ನಿಂತಿದ್ದಳು.

"ಹೌದಲ್ವಾ," ಅಂದಳು. "ಅವತ್ತು ನನ್ನ ಜಾಗದಲ್ಲಿ ನಮ್ಮ ಸೋದರತ್ತೆ ಮಗಳು ಕೂತಿದ್ರೂ ನೀವು ಆಗಲಿ ಅಂತಾನೇ ಅಂತಿದ್ರಿ."

"ಛೆ ಛೆ. ಇಲ್ಲ ಅಂತಿದ್ದೆ."

"ನಿಮಗೆ ಇಲ್ಲ ಅನ್ನೋಕೆ ಬರುತ್ತೆ ಅನ್ನೋದಕ್ಕೆ ಏನ್ರೀ ಸಾಕ್ಷಿ?"

ಚಂದ್ರಪ್ಪನವರು ಮಾವನ ಮುಖ ನೋಡಿದರು. ಮಾವ ಕಿಟಕಿಯ ಹೊರಗೆ ಬ್ರಯಾನ್‌ನ ಫಲಕ ನೋಡುತ್ತಿದ್ದರು. "ದಾಖಲೆಯಲ್ಲಿ ಒಂದೇ ಒಂದು 'ಇಲ್ಲ' ತೋರಿಸಿ ಅಳಿಯಂದ್ರೇ, ಸಾಕು. ಆಗ ನಿಮ್ಮ 'ಆಗಲಿ'ಗೂ ಒಂದು ಬೆಲೆ ಬರುತ್ತೆ," ಅಂದರು. ಅವತ್ತಿನಿಂದ ಮೈತ್ರೇಯಿ, ಊಟಕ್ಕೆ ಏನು ಮಾಡಲಿ ಅಂತ ಗಂಡನನ್ನು ಕೇಳುವುದನ್ನೇ ಬಿಟ್ಟಳು. ಹೇಗೂ ಆಗಲಿ ಅನ್ನುತ್ತಾರೆ, ಕೇಳಿ ಏನು ಪ್ರಯೋಜನ.

ಅಧ್ಯಕ್ಷಗಿರಿ ಹಾಳಾಗಿ ಹೋಗಲಿ, ಈಗ ಸಂಸಾರದ ಪ್ರಶ್ನೆ. ಚಂದ್ರಪ್ಪನವರು 'ಇಲ್ಲ' ಅನ್ನುವ ಅಭ್ಯಾಸಕ್ಕೆ ಬಿದ್ದರು. ಕನ್ನಡಿಯ ಮುಂದೆ ಚೆನ್ನಾಗಿಯೇ ಬರುತ್ತಿತ್ತು. ಆಸ್ಪತ್ರೆಯಲ್ಲಿ ಸಹೋದ್ಯೋಗಿಯೊಬ್ಬಳು ಶುಕ್ರವಾರದ ಡ್ಯೂಟಿ ಮಾಡಿಕೊಡುತ್ತೀರಾ ಅಂದಾಗ ಧೈರ್ಯ ಮಾಡಿ 'ನೋ' ಅಂತ ಬಾಯಿ ತೆರೆದರು. ಅವಳ ಮುಖ ಬಾಡಿತು. 'ನೋ ಪ್ರಾಬ್ಲಮ್' ಅಂತ ಮುಗಿಸಿದರು. ಬ್ರಯಾನ್‌ಗಾದರೂ ಹೇಳೋಣ, ಫಲಕ ಬೇಡ, ನಾನು ಇಂಡಿಯಾಕ್ಕೆ ಹೋಗುತ್ತಿಲ್ಲ ಅಂತ, ಎದುರುಮನೆಗೆ ಹೋದರು. ಬ್ರಯಾನ್ ಮಗಳ ಮನೆಗೆ ಹೊರಟಿದ್ದ. ಚಂದ್ರಪ್ಪನವರು ಅವನ ಎರಡು ಬೆಕ್ಕುಗಳನ್ನು ಎತ್ತಿಕೊಂಡು ಮನೆಗೆ ಬಂದರು. ಮೈತ್ರೇಯಿ ಬಾಗಿಲು ತೆಗೆದು, ಬೆಕ್ಕುಗಳನ್ನು ನೋಡಿ, ಏನೂ ಹೇಳದೆ ಒಳಗೆ ಹೋದಳು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ವಾರ್ಷಿಕ ಸಭೆಯ ದಿನ ಚರ್ಚ್ ಹಾಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಬಿಸಿಬೇಳೆಬಾತಿನ ಹಂಡೆ ಎರಡು ಸಾಲದೆ ಮೂರನೆಯದನ್ನು ತರಿಸಿದ್ದರು. ಯೂನಿವರ್ಸಿಟಿಯ ಹುಡುಗರು ಊಟ ಬಿಟ್ಟಿ ಅಂತ ಬಂದು, ಜಗಳವೂ ಇದೆ ಅಂತ ತಿಳಿದು, ಮುಂದಿನ ಸಾಲಿನಲ್ಲೇ ಕೂತರು. ಮಗಳ ಮನೆಯಿಂದ ಬಂದಿದ್ದ ಬ್ರಯಾನ್ ಟೈ ಕಟ್ಟಿಕೊಂಡು ಹಾಜರು. ಇಂಡಿಯಾದ ಚುನಾವಣೆ ಇಷ್ಟು ಚಿಕ್ಕ ಹಾಲಿನಲ್ಲಿ ನಡೆಯುತ್ತದೆ ಅಂತ ಅವನಿಗೆ ಸ್ವಲ್ಪ ನಿರಾಸೆಯಾಗಿತ್ತು, ಆದರೆ ಬಾತು ರುಚಿಯಾಗಿದ್ದದ್ದರಿಂದ ಸುಮ್ಮನಿದ್ದ. ಸೋಮಲಿಂಗಪ್ಪನವರು ಸವೆದು ಗಿಡ್ಡವಾದ ಹಳೆಯ ಪೆನ್ಸಿಲನ್ನು ಚೂಪು ಮಾಡಿಕೊಂಡು ಒಂದು ಮೂಲೆಯಲ್ಲಿ ಕೂತರು. ಅವರ ಪಕ್ಕ ಮೈತ್ರೇಯಿ, ಅವಳ ಪಕ್ಕ ಮೇಧಾ.

ಚುನಾವಣೆಗೆ ಮುಂಚೆ ಮುಂದಕ್ಕೆ ಹಾಕಿದ್ದ ವಿಷಯಗಳು. ಸುಬ್ರಹ್ಮಣ್ಯರು ಶನಿವಾರದ ಚರ್ಚ್ ಹಾಲ್ ವಿಷಯ ಎತ್ತಿದರು. ಅಭಿರಾಮ್ ಸ್ಲೈಡು ಹಾಕಿದ. ತರಗತಿಗೆ ಬರುವ ಮಕ್ಕಳು ನಾಲ್ಕು, ಬ್ಯಾಡ್ಮಿಂಟನ್‌ಗೆ ಹೆಸರು ಕೊಟ್ಟವರು ಇಪ್ಪತ್ತು, ಇಷ್ಟು ಸ್ಪಷ್ಟ ಇರುವಾಗ ಚರ್ಚೆ ಯಾಕೆ ಅಂದ. ಹುಡುಗ ಹೇಳಿದ್ದು ಸುಳ್ಳೂ ಅಲ್ಲ. ಪುಟ್ಟಲಕ್ಷ್ಮಮ್ಮ ಎದ್ದು ನಿಂತರು. ಅವರು ಆಡಿದ್ದು ಒಂದೇ ಮಾತು.

"ನಾಲ್ಕು ಮಕ್ಕಳು ಅಂದ್ರೆ ನಾಲ್ಕು ಅಜ್ಜಿ ತಾತಂದಿರು ಫೋನಲ್ಲಿ ಕಾಯ್ತಿರ್ತಾರಪ್ಪ."

"ಕಮಿಟಿಯಲ್ಲಿ ಬ್ಯಾಡ್ಮಿಂಟನ್ ಪರವಾಗಿರೋರು ಕೈ ಎತ್ತಿ," ಅಂದರು ಸುಬ್ರಹ್ಮಣ್ಯ.

ಅಭಿರಾಮ್ ಕೈ ಎತ್ತಿ ಚಂದ್ರಪ್ಪನವರ ಕಡೆ ನೋಡಿ ನಕ್ಕ. ಮೂರು ವರ್ಷದಿಂದ ಅದೇ ನಗು, ಅದಕ್ಕೆ ಅದೇ ಕೈ. ಚಂದ್ರಪ್ಪನವರ ಬಲಗೈ ತಾನಾಗಿ ತೊಡೆಯಿಂದ ಎದ್ದಿತು. ಅವರು ಅದನ್ನು ಎಡಗೈಯಲ್ಲಿ ಹಿಡಿದರು. ಕೈ ಎಳೆಯಿತು. ಕೊನೆಗೆ ಎರಡೂ ಕೈಯನ್ನು ತಮ್ಮ ಕೆಳಗೆ ಹಾಕಿ ಅದರ ಮೇಲೆ ಕೂತುಬಿಟ್ಟರು. ಅಭಿರಾಮ್‌ನ ನಗು ಮೆಲ್ಲಗೆ ಕರಗಿದ್ದು ಕಂಡಿತು, ಆದರೂ ಏಳಲಿಲ್ಲ.

"ಐದು," ಅಂದರು ಸುಬ್ರಹ್ಮಣ್ಯ. "ವಿರುದ್ಧ ಇರೋರು?"

ಕೆಳಗೆ ಸಿಕ್ಕಿದ್ದ ಕೈ ಜೋಮು ಹಿಡಿದಿತ್ತು. ಅದನ್ನು ಎಳೆದುಕೊಂಡು ಚಂದ್ರಪ್ಪನವರು ಎತ್ತಿದರು.

"ಆರು." ಸುಬ್ರಹ್ಮಣ್ಯರು ನಿಂತಲ್ಲೇ ನಿಂತು ಮತ್ತೆ ಎಣಿಸಿದರು. ಇನ್ನೊಮ್ಮೆ ಎಣಿಸಿದರು. "ಇದೇನ್ರೀ, ಈ ಸಲ ಲೆಕ್ಕ ಸರಿಯಾಗಿ ಬರ್ತಿದೆ. ಎಲ್ಲೋ ತಪ್ಪಾಗಿದೆ."

"ತಪ್ಪಾಗಿಲ್ಲ, ಎಣಿಕೆ ಸರಿಯಿದೆ," ಅಂತ ಮೂಲೆಯಿಂದ ಸೋಮಲಿಂಗಪ್ಪನವರ ದನಿ ಬಂತು.

ಅಭಿರಾಮ್ ಎದ್ದ. "ಸಾರ್, ನೀವು ನನಗೆ ಆಗಲಿ ಅಂದಿದ್ರಿ."

"ಅಂದಿದ್ದೆ ಕಣಪ್ಪಾ. ಅವತ್ತು ಅಂದಿದ್ದು ತಪ್ಪು. ಇಲ್ಲ. ಆಗಲ್ಲ." ಚಂದ್ರಪ್ಪನವರಿಗೆ ತಮ್ಮ ಕಿವಿಯನ್ನೇ ನಂಬಲಾಗಲಿಲ್ಲ. ನಿಂತ ನೆಲ ಕುಸಿಯಲಿಲ್ಲ, ಚಾವಣಿ ಬೀಳಲಿಲ್ಲ. ಇಷ್ಟು ಸುಲಭವೇ ಇದು. ಒಮ್ಮೆ ಬಾಯಿ ಬಿಚ್ಚಿದ್ದೇ, ಇಷ್ಟು ವರ್ಷ ಒಳಗೆ ಕೂಡಿಟ್ಟದ್ದೆಲ್ಲ ಒಂದೇ ಸಮನೆ ಹೊರಗೆ ಬರತೊಡಗಿತು. "ಲೀಡ್ಸಿನೋರೇ, ಈ ಸಲ ರಾಜ್ಯೋತ್ಸವ ನಿಮ್ಮಲ್ಲಿ ಇಲ್ಲ. ಮ್ಯಾಂಚೆಸ್ಟರಿನೋರೇ, ನಿಮ್ಮಲ್ಲೂ ಇಲ್ಲ. ಸುಬ್ರಹ್ಮಣ್ಯ ಸಾರ್, ನಿಮ್ಮ ಸೋಫಾ ಇನ್ನು ನಾನು ಎತ್ತಲ್ಲ. ಬ್ರಯಾನ್, ನಾನು ಇಂಡಿಯಾಕ್ಕೆ ಅಧ್ಯಕ್ಷ ಆಗಲ್ಲ." ಬ್ರಯಾನ್‌ಗೆ ಕನ್ನಡ ಬರುತ್ತಿರಲಿಲ್ಲ, ತನ್ನ ಹೆಸರು ಕೇಳಿದ್ದಕ್ಕೆ ಎದ್ದು ಕೈ ಮುಗಿದ. "ಈ ಕೂಟದ ಅಧ್ಯಕ್ಷಗಿರಿನೂ ನನಗೆ ಬೇಡ. ನಾನು ಅದಕ್ಕೆ ಅರ್ಹನೇ ಅಲ್ಲ."

ಅಷ್ಟೇ ಸಾಕಾಯಿತು.

ಆಮೇಲೆ ಹಿಂದಿನ ಸಾಲಿನಿಂದ ಯಾರೋ ನಿಟ್ಟುಸಿರು ಬಿಟ್ಟರು. ವಾರಗಟ್ಟಲೆಯಿಂದ ಆ ಕೂಟದ ಜನ ಏನು ಮಾಡಬೇಕೆಂದು ತಿಳಿಯದೆ ಒದ್ದಾಡುತ್ತಿದ್ದರು, ನೋಡಿ. ಈಗ ಕಡೆಗೂ ಒಬ್ಬರು ಸರಿಯಾದ ಮಾತಾಡಿದ್ದರು.

"ಬೇಡ ಅಂದ್ರು," ಅಂದರು ಸುಬ್ರಹ್ಮಣ್ಯ, ಮುಖವೆಲ್ಲ ಅರಳಿಸಿ. "ಎಂಥಾ ವಿನಯ ನೋಡ್ರಪ್ಪಾ."

"ಸಾರ್, ನಿಜವಾಗ್ಲೂ ಬೇಡ."

ಚಪ್ಪಾಳೆ ಶುರುವಾಯಿತು.

"ದಯವಿಟ್ಟು ಕೇಳಿ, ನಾನು ಉಪಚಾರಕ್ಕೆ ಹೇಳ್ತಿಲ್ಲ..."

ಚಪ್ಪಾಳೆ ಜೋರಾಯಿತು. ಇಷ್ಟು ಗಟ್ಟಿಯಾಗಿ ಬೇಡ ಅಂದವರನ್ನು ಕೂಟ ಎಂದೂ ಕಂಡಿರಲಿಲ್ಲ. ಅಭಿರಾಮ್ ಪಾಪ ಗಾಬರಿಯಲ್ಲಿ "ನನಗೂ ಬೇಡ" ಅಂತ ಕೂಗಿದ, ಆದರೆ ಅವನು ಬೇಕು ಅಂತ ಸ್ಲೈಡು ಮಾಡಿದ್ದು ಎಲ್ಲರಿಗೂ ನೆನಪಿತ್ತು. ಯಾರೋ ಹಾರ ತಂದರು. ಚಂದ್ರಪ್ಪನವರು ಕುತ್ತಿಗೆ ತಗ್ಗಿಸದೆ ಬೇಡ ಬೇಡ ಅಂತ ಹಿಂದೆ ಸರಿದಷ್ಟೂ ಹಾರ ಮುಂದೆ ಬಂತು. ಕೊನೆಗೆ ಬೀಳಬೇಕಾದ ಜಾಗದಲ್ಲಿ ಬಿತ್ತು. ಬ್ರಯಾನ್ ಓಡಿಬಂದು ತಬ್ಬಿಕೊಂಡು, ಇಂಡಿಯಾ ತುಂಬಾ ದೊಡ್ಡ ದೇಶ, ಆರೋಗ್ಯ ನೋಡಿಕೊಳ್ಳಿ ಅಂದ.

ವಾಪಸ್ಸು ಬರುವಾಗ ಕಾರಿನಲ್ಲಿ ಮನೆಯ ನಾಲ್ವರೇ. ಚಂದ್ರಪ್ಪನವರು ಹಾರ ತೆಗೆಯುವುದನ್ನೂ ಮರೆತು ಗಾಡಿ ಓಡಿಸುತ್ತಿದ್ದರು. ಪಕ್ಕದಲ್ಲಿ ಮೈತ್ರೇಯಿ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಹಿಂದೆ ತಾತ ಮೊಮ್ಮಗಳು. ಹೈಸ್ಟ್ರೀಟಿನ ಸಿಗ್ನಲ್ಲಿನಲ್ಲಿ ಕೆಂಪು ಬಿತ್ತು, ಗಾಡಿ ನಿಂತಿತು.

"ಮಾವ," ಅಂದರು ಚಂದ್ರಪ್ಪನವರು, "ನೀವು ಕೇಳಿದ 'ಇಲ್ಲ' ದಾಖಲೆಗೆ ಬಂತಾ?"

"ಬಂತು ಅಳಿಯಂದ್ರೇ. ಒಂದು ಕೇಳಿದ್ರೆ ಒಂದು ಬುಟ್ಟಿ ಕೊಟ್ರಿ." ಸೋಮಲಿಂಗಪ್ಪನವರು ಮಫ್ಲರು ಸರಿಮಾಡಿಕೊಂಡರು. "ಒಂದು ಹಳೇ ವಿಷಯ ಇನ್ನೂ ಇತ್ಯರ್ಥ ಆಗಿಲ್ಲ. ಮತಕ್ಕೆ ಹಾಕೋಣ ಅಂತಿದ್ದೀನಿ. ಸದನದ ಅಪ್ಪಣೆ ಇದೆಯಾ?"

"ಅಪ್ಪಣೆ ಇದೆ," ಅಂದಳು ಮೇಧಾ, ಕನ್ನಡದಲ್ಲೇ.

"ರಾಜಾಜಿನಗರದ ಮೈತ್ರೇಯಿಯನ್ನ ಮದುವೆ ಆಗೋದು. ಪರವಾಗಿರೋರು ಕೈ ಎತ್ತಿ."

ಚಂದ್ರಪ್ಪನವರು ಸ್ಟೀರಿಂಗಿನಿಂದ ಒಂದು ಕೈ ತೆಗೆದು, ಕಾರಿನ ಚಾವಣಿಗೆ ತಗಲುವಷ್ಟು ಮೇಲಕ್ಕೆ ಎತ್ತಿದರು. ಮೈತ್ರೇಯಿ ಕಿಟಕಿಯಿಂದ ಈ ಕಡೆ ತಿರುಗಲಿಲ್ಲ. ಅವಳಿಗೆ ಗೊತ್ತು, ಆ ಕೈ ಏಳುವುದರಲ್ಲಿ ವಿಶೇಷವೇನೂ ಇಲ್ಲ. ಅದು ಎಲ್ಲದಕ್ಕೂ ಏಳುವ ಕೈ. ಚಂದ್ರಪ್ಪನವರು ಕೈ ಇಳಿಸಿ ಸ್ಟೀರಿಂಗ್ ಹಿಡಿದುಕೊಂಡರು.

"ವಿರುದ್ಧ ಇರೋರು?"

ಸಿಗ್ನಲ್ ಹಸಿರಾಯಿತು. ಚಂದ್ರಪ್ಪನವರ ಕಾರು ಕದಲಲಿಲ್ಲ. ಹಿಂದಿನ ಕಾರಿನವನು ಒಮ್ಮೆ ಮೆಲ್ಲಗೆ ಹಾರ್ನ್ ಹೊಡೆದ. ಗೇರ್ ಹಾಕಬೇಕೆಂದರೆ ಎಡಗೈ ಎತ್ತಬೇಕು. ಅವರು ಎರಡೂ ಕೈಯಲ್ಲಿ ಸ್ಟೀರಿಂಗನ್ನು ಬಿಗಿಯಾಗಿ ಹಿಡಿದು, ರಸ್ತೆಯನ್ನೇ ನೋಡುತ್ತಾ ಕೂತಿದ್ದರು. ಹಿಂದಿನವನು ಮತ್ತೆ ಹಾರ್ನ್ ಹೊಡೆದ, ಅವನ ಹಿಂದಿನ ಬಸ್ಸೂ ಹೊಡೆಯಿತು, ಇಡೀ ಸಾಲು ಬೊಬ್ಬೆ ಹಾಕಿತು. ಅಷ್ಟು ಜನ ಒಟ್ಟಿಗೆ ಕೇಳುತ್ತಿದ್ದರೂ ಚಂದ್ರಪ್ಪನವರ ಕೈ ಏಳಲಿಲ್ಲ. ಹಸಿರು ಹೋಗಿ ಮತ್ತೆ ಕೆಂಪು ಬಂತು.

ಮೈತ್ರೇಯಿ ಈ ಕಡೆ ತಿರುಗಿದಳು. ಗಂಡನ ಕೈಗಳನ್ನು ಒಂದೊಂದಾಗಿ ನೋಡಿದಳು.

"ವಿರುದ್ಧ ಯಾರೂ ಇಲ್ಲ," ಅಂದರು ಸೋಮಲಿಂಗಪ್ಪನವರು. "ಸೂಚನೆ ಅಂಗೀಕಾರ ಆಗಿದೆ."

"ಇನ್ನು ಗೇರ್ ಹಾಕ್ರೀ," ಅಂದಳು ಮೈತ್ರೇಯಿ. "ರಾತ್ರಿ ಊಟಕ್ಕೆ ಏನು ಮಾಡ್ಲಿ?"

ಚಂದ್ರಪ್ಪನವರು ಬಹಳ ಹೊತ್ತು ಯೋಚಿಸಿದರು. ಆಮೇಲೆ, "ಬಿಸಿಬೇಳೆಬಾತ್ ಬೇಡ," ಅಂದರು.